ಪುಕ್ಕದ ದಿಂಬೂ ಹೊಸತೊಡಕೂ

ನಾನು ಮದುವೆಯಾಗಿ ಹೋದಾಗ ನಮ್ಮ ಮನೆಯವರ ಮಂಚದಲ್ಲಿ ನನಗಿಂತ ಮೊದಲೇ ಜಾಗ ಹಿಡಿದಿದ್ದದ್ದು ಒಂದು ದಿಂಬು. ನನಗೆ ಸವತಿ ಅಂತ ಯಾರಾದರೂ ಇದ್ದಿದ್ದರೆ ಅದೇ. ಈ ಮಾತನ್ನು ಈಗಲೂ ಅವರ ಎದುರಿಗೇ ಹೇಳುತ್ತೇನೆ. ಅವರು ಪೇಪರು ಮಡಚಿಟ್ಟು ಹಿತ್ತಲಿಗೆ ಎದ್ದುಹೋಗುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಮ್ಮೂರು ತಿಪಟೂರಿನಿಂದ ಹಾಲ್ಕುರಿಕೆ ಕಡೆಗೆ ಹೋಗುವ ದಾರಿಯಲ್ಲಿ, ಅವರದು ತುರುವೇಕೆರೆ ಕಡೆ. ಎರಡು ಮನೆಗೂ ತೆಂಗಿನ ತೋಟ, ಎರಡು ಮನೆಯವರ ಕೊರಳಲ್ಲೂ ಲಿಂಗ, ಎರಡು ಮನೆಯ ಒಲೆಯ ಮೇಲೂ ಒಂದು ಮೊಟ್ಟೆ ಬೆಂದದ್ದಿಲ್ಲ. ಗಂಡು ನೋಡುವಾಗ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಸಂಬಳ ಕೇಳಲಿಲ್ಲ, ಓದು ಕೇಳಲಿಲ್ಲ. ಹುಡುಗ ದೂರದಲ್ಲಿ ಕೆಲಸಕ್ಕಿದ್ದಾನಲ್ಲ, ಅಲ್ಲಿ ಯಾರ ಕೈಯಡಿಗೆ ಉಣ್ಣುತ್ತಾನೆ ಅಂತ ಮಾತ್ರ ಕೇಳಿದಳು. ತಾನೇ ಬೇಯಿಸಿಕೊಳ್ಳುತ್ತಾನೆ ಅಂದರು. ಅಷ್ಟಕ್ಕೇ ಸಂಬಂಧ ಕುದುರಿತು.

ಕೆಲಸ ನೀಲಗಿರಿಯ ಒಂದು ಟೀ ಎಸ್ಟೇಟಿನ ಆಫೀಸಿನಲ್ಲಿ. ಅಲ್ಲಿಯ ಮ್ಯಾನೇಜರು ಒಬ್ಬ ಬಿಳಿಯ ದೊರೆ, ವಯಸ್ಸಾಗಿ ತನ್ನ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಆಫೀಸಿನವರಿಗೆ ಹಂಚಿದನಂತೆ. ಒಬ್ಬನಿಗೆ ಗಡಿಯಾರ ಸಿಕ್ಕಿತು, ಒಬ್ಬನಿಗೆ ರೇಡಿಯೋ ಸಿಕ್ಕಿತು, ನಮ್ಮವರಿಗೆ ದಿಂಬು ಸಿಕ್ಕಿತು. ದೊರೆಯ ದಿಂಬು ಅಂತ ಅದಕ್ಕೆ ಬೇರೆಯೇ ಮರ್ಯಾದೆ. ವಾರಕ್ಕೊಂದು ಒಗೆದ ಗವಸು, ಬಿಸಿಲು ಕಂಡ ದಿನವೆಲ್ಲ ಕುರ್ಚಿಯ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುವ ಭಾಗ್ಯ. ತಲೆ ಇಟ್ಟರೆ ಮುಳುಗಿಹೋಗುತ್ತಿತ್ತು, ತಲೆ ಎತ್ತಿದರೆ ನಿಧಾನಕ್ಕೆ ಉಬ್ಬಿ ಬರುತ್ತಿತ್ತು. ಹೊಸತರಲ್ಲಿ ನಾನೂ ಅದರ ಮೇಲೆ ಒರಗಿ ಸುಖಪಟ್ಟವಳೇ, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಅಡ್ಡಾಗಿದ್ದಾಗ ಕೆನ್ನೆಗೆ ಏನೋ ಚುಚ್ಚಿತು. ಉಗುರಲ್ಲಿ ಹಿಡಿದು ಎಳೆದೆ. ಬಂತು, ಇಷ್ಟುದ್ದದ ಬಿಳೀ ಪುಕ್ಕ, ಬುಡದ ಕಡ್ಡಿ ಸಮೇತ. ಅದರ ಹಿಂದೆಯೇ ಇನ್ನೊಂದು ಇಣುಕಿತು. ನಾನು ದಿಂಬನ್ನು ಎತ್ತಿ ಬಾಗಿಲಾಚೆಗೆ ಎಸೆದು, ಆ ಊರಿನ ಚಳಿಯಲ್ಲಿ ನೀರು ಕಾಯಿಸುವಷ್ಟೂ ತಾಳ್ಮೆಯಿಲ್ಲದೆ ತಣ್ಣೀರನ್ನೇ ತಲೆಗೆ ಹೊಯ್ದುಕೊಂಡೆ. ಸಂಜೆ ಅವರು ಬಂದಾಗ ದಿಂಬು ಮೆಟ್ಟಿಲ ಮೇಲೆ, ನಾನು ಹಲ್ಲು ಕಟಕಟ ಅನ್ನಿಸುತ್ತ ಒಲೆಯ ಮುಂದೆ. ವಿಚಾರಿಸಿದರೆ, ಒಳಗೆ ಇರುವುದು ಬಾತುಕೋಳಿ ಪುಕ್ಕ ಅಂತ ಅವರಿಗೆ ಮೊದಲಿಂದಲೂ ಗೊತ್ತಂತೆ.

"ತಿನ್ನೋದಲ್ವಲ್ಲ ಕಣೇ, ತಲೆ ಇಡೋದು," ಅಂದರು.

ಆ ಬಾತುಕೋಳಿ ಸತ್ತು ಎಷ್ಟು ಕಾಲವಾಯಿತೋ, ತಾನು ಇವತ್ತು ದಿಂಬು ಬಿಟ್ಟರೆ ಅದೇನು ಎದ್ದು ಬರುತ್ತದೆಯೇ ಅಂತ ಅವರ ವಾದ. ಎದ್ದು ಬರುವುದೂ ಬೇಡ, ನನ್ನ ಮಂಚಕ್ಕೆ ಬರುವುದೂ ಬೇಡ ಅಂತ ನನ್ನದು. ಮಡಿ ಮೈಲಿಗೆ ಅನ್ನುವುದು ನನ್ನ ಸಿಟ್ಟಿನಲ್ಲಿ ಅರ್ಧ ಮಾತ್ರ. ಇನ್ನರ್ಧವನ್ನು ಅವರಿಗೆ ಬಿಡಿಸಿ ಹೇಳಲು ಆಗ ನನಗೆ ಬರಲಿಲ್ಲ. ಗೊತ್ತಾದ ಮೇಲೆ ಆ ಮೆತ್ತಗೆಯೇ ನನಗೆ ಸೇರದೆ ಹೋಯಿತು. ಅದು ಒಂದು ಜೀವದ ಎದೆಯ ಮೇಲಿದ್ದ ಮೆತ್ತಗೆ, ಚಳಿಗೆ ಅಂತ ಅದಕ್ಕೇ ಇದ್ದದ್ದು. ಕಿವಿ ಇಟ್ಟರೆ ಒಳಗೆ ಏನೋ ಉಸಿರಾಡಿದ ಹಾಗಾಗುತ್ತಿತ್ತು. ಅವತ್ತಿನಿಂದ ನಾನು ಹಳೇ ಸೀರೆ ಮಡಚಿ ತಲೆಗೆ ಇಟ್ಟುಕೊಂಡೆ, ಅವರು ದೊರೆಯ ದಿಂಬಿನಲ್ಲಿ ಮುಳುಗಿದರು. ನಡುವೆ ಮಾತು ಕಮ್ಮಿಯಾಯಿತು.

ಅಷ್ಟರಲ್ಲಿ ಯುಗಾದಿ ಬಂತು. ಹೊಸ ಅಳಿಯನನ್ನು ಹಬ್ಬಕ್ಕೆ ಕರೆದಿದ್ದರು. ನಾನು ಸೀರೆ ಜೋಡಿಸುತ್ತಿದ್ದರೆ ಅವರು ಬ್ಯಾಗಿಗೆ ದಿಂಬು ತುರುಕುತ್ತಿದ್ದಾರೆ. ಬೇರೆ ದಿಂಬಾದರೆ ಕತ್ತು ಹಿಡಿಯುತ್ತದಂತೆ. ನಾನು ಕೈಮುಗಿದು ಬೇಡಿಕೊಂಡೆ, ಕಣ್ಣೀರು ಹಾಕಿದೆ, ಆಮೇಲೆ ಬೈದೂ ಬೈದೆ. ನೀನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ ಅಂದರು.

ನನ್ನ ಗಾಬರಿಗೆ ಕಾರಣ ಇತ್ತು. ಆ ವರ್ಷ ಯುಗಾದಿ ಕಳೆದು ಬರುವ ಸೋಮವಾರ ನಮ್ಮ ಮಠದ ಸ್ವಾಮಿಗಳು ಊರಿಗೆ ಬರುವವರಿದ್ದರು. ಅವರು ಬಂದರೆ ಊರಲ್ಲಿ ಒಂದೇ ಮನೆಯಲ್ಲಿ ಪಾದಪೂಜೆ, ಯಾವ ಮನೆ ಅಂತ ಹಿರಿಯರು ತೀರ್ಮಾನಿಸುತ್ತಿದ್ದರು. ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಾಯುತ್ತಿದ್ದವಳು. ಒಂದು ಸಲ ನಮ್ಮ ಮನೆ ಅಂತ ಆಗುವಾಗ ತಾತ ಹಾಸಿಗೆ ಹಿಡಿದರು, ಇನ್ನೊಂದು ಸಲ ಜೋರು ಬಾಯಿಯವರು ಮುಂದೆ ಬಿದ್ದು ತಮ್ಮ ಮನೆಗೆ ಮಾಡಿಸಿಕೊಂಡರು. ಈ ಸಲ ನಮ್ಮದು ಅಂತ ಗಟ್ಟಿಯಾಗಿತ್ತು. ನಾವು ಹೋಗಿ ಇಳಿದಾಗ ಅಜ್ಜಿ ಗೋಡೆಗೆಲ್ಲ ಸುಣ್ಣ ಬಳಿಸಿ, ಕೊಟ್ಟಿಗೆಗೂ ಸುಣ್ಣ ಬಳಿಸಿ, ಇನ್ನು ಬಳಿಯಲು ಏನೂ ಉಳಿದಿಲ್ಲವಲ್ಲ ಅಂತ ನಿಂತಿದ್ದಳು. ನಾನು ಅವಳನ್ನು ಅಷ್ಟು ಖುಷಿಯಲ್ಲಿ ನೋಡಿರಲಿಲ್ಲ. ಒಳಗಿನ ದಿಂಬು ನೆನೆದು ನಾನು ಬ್ಯಾಗನ್ನು ಇನ್ನಷ್ಟು ಮೂಲೆಗೆ ತಳ್ಳಿದೆ.

ಹಬ್ಬದ ಹಿಂದಿನ ದಿನ ಅಪ್ಪ ಅಳಿಯನಿಗೆ ತೋಟ ತೋರಿಸಲು ಕರೆದುಕೊಂಡು ಹೋದರು. ನಮ್ಮ ಕಡೆ ತೋಟ ತೋರಿಸುವುದು ಅಂದರೆ ಒಂದೊಂದು ಮರದ ಚರಿತ್ರೆಯನ್ನೂ ಹೇಳುವುದು, ಬೇಗ ಮುಗಿಯುವ ಕೆಲಸವಲ್ಲ. ನಾನು ದಿಂಬನ್ನು ಸೆರಗಿನಲ್ಲಿ ಸುತ್ತಿಕೊಂಡು ಅಟ್ಟ ಹತ್ತಿದೆ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಕಾಲು ತಗುಲಿದ ಕಡೆಯೆಲ್ಲ ಒಳಗಿನ ಕೊಬ್ಬರಿ ಲೊಟಲೊಟ ಅನ್ನುತ್ತದೆ, ಕಳ್ಳತನಕ್ಕೆ ಹೇಳಿದ ಜಾಗವಲ್ಲ. ಮೂಲೆಯಲ್ಲಿ ಬೂರುಗದ ಹತ್ತಿಯ ಮೂಟೆ ಇತ್ತು. ತೋಟದ ಬೇಲಿಯಲ್ಲಿ ನಮ್ಮದೊಂದು ಬೂರುಗದ ಮರವಿದೆ, ಕಾಯಿ ಒಡೆಯುವ ಕಾಲಕ್ಕೆ ಅಜ್ಜಿ ಆರಿಸಿ ತಂದು ಬೀಜ ಉದುರಿಸಿ ತುಂಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ತಲೆ ಇಟ್ಟು ಬೆಳೆದದ್ದು ಆ ಹತ್ತಿಯ ಮೇಲೆ, ಬೆನ್ನು ಚಾಚಿದ್ದು ತೆಂಗಿನ ನಾರಿನ ಹಾಸಿಗೆಯ ಮೇಲೆ. ಯಾರಿಗೂ ಕತ್ತು ಹಿಡಿದದ್ದಿಲ್ಲ.

ದಿಂಬಿನ ಹೊಲಿಗೆ ಬಿಚ್ಚಿದೆ. ಪುಕ್ಕ ಅನ್ನುವುದು ಒಳಗಿರುವ ತನಕ ಸಾಧು, ಹೊರಗೆ ಬಂತೋ ಹುಚ್ಚು ಹಿಡಿಯುತ್ತದೆ. ಒಂದು ಹಿಡಿ ತೆಗೆದು ಗೋಣಿಚೀಲಕ್ಕೆ ಹಾಕಿದರೆ ಅರ್ಧ ಹಿಡಿ ನನ್ನ ತಲೆಯ ಮೇಲೆ. ಕಾಯಿಗಳ ಮೇಲೆಲ್ಲ ಪುಕ್ಕ ಕೂತು, ಅವೇ ಮೊಟ್ಟೆ ಇಟ್ಟವೇನೋ ಅನ್ನುವ ಹಾಗಾಯಿತು. ಮೂಗಿಗೆ ಹೋಗಿ ಸೀನು ಬಂತು, ಸೀನಿದರೆ ಇನ್ನಷ್ಟು ಹಾರಿತು, ಕಾಲು ಜಾರಿ ಕಾಯಿಗಳೆಲ್ಲ ಉರುಳಿದವು. ಕೆಳಗಿನಿಂದ ಅಮ್ಮ, ಅಟ್ಟದ ಮೇಲೆ ಏನದು ಸದ್ದು ಅಂತ ಕೂಗಿದಳು. ಇಲಿ ಇರಬೇಕು ಕಣಮ್ಮ ಅಂತ ಮೇಲಿನಿಂದ ನಾನೇ ಉತ್ತರ ಕೊಟ್ಟೆ. ಹಬ್ಬದ ಗಡಿಬಿಡಿ ನೋಡಿ, ಅಮ್ಮ ಸರಿ ಅಂತ ಒಳಗೆ ಹೋದಳು.

ಖಾಲಿ ಗವಸಿಗೆ ಬೂರುಗದ ಹತ್ತಿ ತುಂಬಿ ಹೊಲಿದೆ. ತುಂಬುವುದರಲ್ಲಿ ಒಂದು ಹದವಿದೆ. ಜಾಸ್ತಿಯಾದರೆ ಗುಂಡುಕಲ್ಲು, ಕಮ್ಮಿಯಾದರೆ ಚಪಾತಿ. ನಾನು ತಲೆ ಇಟ್ಟು ನೋಡಿ ತುಂಬಿದೆ, ತೆಗೆದೆ, ಮತ್ತೆ ತುಂಬಿದೆ. ಮುಗಿಸಿದಾಗ ದೊರೆಯೇ ಬಂದರೂ ವ್ಯತ್ಯಾಸ ಗುರುತು ಹಿಡಿಯುತ್ತಿರಲಿಲ್ಲ. ಇನ್ನು ಉಳಿದದ್ದು ಗೋಣಿಚೀಲ. ಸುಟ್ಟರೆ ವಾಸನೆ ಊರಿಗೆಲ್ಲ ಗೊತ್ತಾಗುತ್ತದೆ, ಬಾವಿಗೆ ಹಾಕುವ ಹಾಗಿಲ್ಲ. ಹಿತ್ತಲ ತಿಪ್ಪೆಯಲ್ಲಿ ಕೋಲಿನಿಂದ ಗುಂಡಿ ತೋಡಿ ಸುರಿದು, ಮೇಲೆ ಸಗಣಿ ಬೂದಿ ಎಳೆದು ಕೈ ತೊಳೆದುಕೊಂಡೆ. ಗೊಬ್ಬರವಾಗಿ ತೆಂಗಿಗೆ ಹೋಗಲಿ ಅಂದುಕೊಂಡೆ.

ಯುಗಾದಿಯ ದಿನ ಬೆಳಿಗ್ಗೆ ನಮ್ಮವರು ಎದ್ದು ಕತ್ತು ಆ ಕಡೆ ಈ ಕಡೆ ತಿರುಗಿಸಿ, ನೋಡು, ಎಲ್ಲಿಗೆ ಹೋದರೂ ಈ ದಿಂಬು ಇದ್ದರೆ ನನಗೆ ಮನೆಯಲ್ಲಿದ್ದ ಹಾಗೇ, ಪುಕ್ಕದ ಸುಖವೇ ಬೇರೆ ಅಂದರು. ನನಗೆ ನಗು ತಡೆಯಲಾಗದೆ ಬೇವುಬೆಲ್ಲದ ಬಟ್ಟಲು ಹಿಡಿದು ಅಡಿಗೆಮನೆಗೆ ಓಡಿದೆ. ಅವತ್ತು ಇಡೀ ದಿನ ನನಗೆ ಗೆದ್ದ ಹಿಗ್ಗು. ಮಧ್ಯಾಹ್ನ ಒಬ್ಬಟ್ಟು ಉಂಡು ಅವರು ಅದೇ ದಿಂಬಿನ ಮೇಲೆ ಗೊರಕೆ ಹೊಡೆದಾಗ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದೆ. ಮದುವೆಯಾದ ಮೇಲೆ ಮೊದಲ ಸಲ ಅವರ ಮೇಲೆ ನಿಜವಾದ ಪ್ರೀತಿ ಉಕ್ಕಿತು, ಮೋಸ ಮಾಡಿದ್ದು ನಾನೇ ಆದರೂ.

ಯುಗಾದಿಯ ಮಾರನೆ ದಿನ ಹೊಸತೊಡಕು. ಮಾಂಸ ತಿನ್ನುವ ಮನೆಗಳಲ್ಲೆಲ್ಲ ಅವತ್ತು ಬೆಳಗಾಗುತ್ತಲೇ ಮಸಾಲೆ ಅರೆಯುವ ಸದ್ದು, ಊರ ಕೋಳಿಗಳಿಗೆ ಅದು ಒಳ್ಳೆಯ ದಿನವಲ್ಲ. ನಮ್ಮಂಥ ಮನೆಗಳಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಸಾರು ಬಿಸಿ ಮಾಡಿಕೊಂಡು ಉಣ್ಣುವುದು. ಅಂಥ ದಿನ, ಬದುಕುಳಿದಿದ್ದ ಕೋಳಿಗಳೆಲ್ಲ ಸೇರಿ ನಮ್ಮ ತಿಪ್ಪೆ ಕೆದಕಿದವು. ನಾನು ಹಿತ್ತಲಿಗೆ ಹೋಗುವ ಹೊತ್ತಿಗೆ ಗಾಳಿ ಎದ್ದು, ಬಿಳೀ ಪುಕ್ಕ ಬೇಲಿ ಹಾರಿ, ಬೀದಿಗೆ ಬಿದ್ದು, ನಮ್ಮ ಮನೆಯಿಂದ ಮೆರವಣಿಗೆ ಹೊರಟಿತ್ತು.

ಎದುರು ಬೀದಿಯಲ್ಲಿ ಕೋಳಿ ಸಾಕಿದವನೊಬ್ಬನಿದ್ದ. ಅವನ ಬಿಳೀ ಹ್ಯಾಟೆ ಕೋಳಿಯೊಂದು ಬೆಳಗಿನಿಂದ ಕಾಣೆಯಾಗಿತ್ತು. ಹುಡುಕುತ್ತ ಬಂದವನಿಗೆ ಬೀದಿಯಲ್ಲಿ ಪುಕ್ಕ ಸಿಕ್ಕಿತು, ಪುಕ್ಕದ ಜಾಡು ಹಿಡಿದು ಬಂದರೆ ನಮ್ಮ ತಿಪ್ಪೆ ಸಿಕ್ಕಿತು. ದಾರಿಯಲ್ಲಿ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದನೇನೋ, ಅವನ ಹಿಂದೆಯೇ ಊರ ಹಿರಿಯರಿಬ್ಬರೂ ಬಂದರು. ಜಗಲಿಯ ಮೇಲೆ ಅಪ್ಪ, ನಮ್ಮವರು, ಕಂಬಕ್ಕೆ ಒರಗಿ ಅಜ್ಜಿ. ನಾನು ಬಾಗಿಲ ಹಿಂದೆ.

ಕೋಳಿಯವನಿಗೆ ಕೋಪ ಇರಲಿಲ್ಲ, ಅದೇ ನನಗೆ ಹೊಟ್ಟೆ ಉರಿಸಿದ್ದು. ಮುಖ ಅರಳಿತ್ತು. ಹಿಡಿ ಪುಕ್ಕವನ್ನು ಅಪ್ಪನ ಮುಂದೆ ಚಾಚಿ ಹೇಳಿದ:

"ತಿಂದ್ರೆ ತಿನ್ನಿ ಯಜಮಾನ್ರೇ, ನಂಗೇನೂ ಬ್ಯಾಸರಿಲ್ಲ. ಒಂದು ಮಾತು ಕೇಳಿದ್ರೆ ಇನ್ನೂ ಎಳೇದು ಕೊಡ್ತಿದ್ದೆ ಕಣ್ರೀ."

ಅಪ್ಪ ಮೊದಲೇ ಮೆದು ಮನುಷ್ಯ, ಮಾಡದ ತಪ್ಪಿಗೂ ಮುಖ ಕೆಂಪಗೆ ಮಾಡಿಕೊಳ್ಳುವವರು. ಬೆವರು ಒರೆಸಿಕೊಂಡ ರೀತಿ ನೋಡಿದರೆ ನನಗೇ ಅನುಮಾನ ಬರಬೇಕು. ಹಿರಿಯರಲ್ಲಿ ಒಬ್ಬರು, ಹೊಸ ಅಳಿಯ ಬಂದಿದ್ದಾನೆ, ಹೊರಗಿನ ಊರಿನ ಅಭ್ಯಾಸ ಇರಬಹುದು, ಯಾರ ಮನೆಯಲ್ಲಿ ಏನು ನಡೆಯುತ್ತದೋ ಯಾರು ಬಲ್ಲರು ಅಂತ ಮೆಲ್ಲಗೆ ಶುರು ಮಾಡಿದರು. ಇನ್ನೊಬ್ಬರು ಸುತ್ತಿ ಬಳಸದೆ, ಸೋಮವಾರದ ಪಾದಪೂಜೆಗೆ ಬೇರೆ ಮನೆ ನೋಡುವುದು ವಾಸಿ ಅಂದರು.

ಅಜ್ಜಿ ಕಂಬ ಹಿಡಿದುಕೊಂಡಳು. ಬಾಯಿ ಮಾಡಿ ಊರನ್ನೇ ಅಡಗಿಸಬಲ್ಲ ಹೆಂಗಸು, ಬಳಿದ ಸುಣ್ಣದ ಗೋಡೆಯನ್ನೇ ನೋಡುತ್ತಿದ್ದಳು. ಹೋಗಿ ಹೇಳಲೇ ಅಂದರೆ, ಹೇಳಿದರೆ ಸತ್ತ ಹಕ್ಕಿಯ ಪುಕ್ಕದ ಮೇಲೆ ಮಲಗುವವನನ್ನು ಅಳಿಯ ಮಾಡಿಕೊಂಡರು ಅಂತ ಊರು ಆಡಿಕೊಳ್ಳುತ್ತದೆ. ಹೇಳದಿದ್ದರೆ ಅಜ್ಜಿಯ ಪೂಜೆ ಹೋಗುತ್ತದೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತೆ.

ಅಷ್ಟರಲ್ಲಿ ನಮ್ಮವರು ಎದ್ದು ನಿಂತರು.

"ಅದು ನನ್ನ ದಿಂಬಿಂದು," ಅಂದರು. "ಮಾವನವರಿಗೆ ಏನೂ ಗೊತ್ತಿಲ್ಲ. ದಿಂಬು ಹರಿದಿತ್ತು, ಉದುರಿದ್ದನ್ನ ನಾನೇ ತಿಪ್ಪೆಗೆ ಹಾಕಿದೆ."

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಯಾಕೆಂದರೆ ತಾವು ಹೇಳುತ್ತಿರುವುದು ಸುಳ್ಳು ಅಂತಲೇ ಅವರು ತಿಳಿದಿದ್ದರು. ಅವರ ಲೆಕ್ಕದಲ್ಲಿ ದಿಂಬು ಗಟ್ಟಿಮುಟ್ಟಾಗಿ ಒಳಗಿದೆ, ಒಂದು ಪುಕ್ಕವೂ ಉದುರಿಲ್ಲ. ಪೆಟ್ಟು ತಮ್ಮ ಮೇಲೆ ಬೀಳಲಿ, ಮಾವನ ಮನೆ ಉಳಿಯಲಿ ಅಂತ ಕಟ್ಟಿದ ಸುಳ್ಳು ಅದು. ಆ ಸುಳ್ಳು ಮುಕ್ಕಾಲು ಪಾಲು ನಿಜ ಅನ್ನುವುದು ಗೊತ್ತಿದ್ದದ್ದು ಬಾಗಿಲ ಹಿಂದಿದ್ದ ನನಗೆ ಮಾತ್ರ.

ದಿಂಬಿನಲ್ಲಿ ಪುಕ್ಕ ಎಲ್ಲಾದರೂ ಇರುತ್ತದೆಯೇ ಅಂತ ಹಿರಿಯರು ನಕ್ಕರು. ತೋರಿಸುತ್ತೇನೆ ಇರಿ ಅಂತ ಇವರು ದಾಪುಗಾಲು ಹಾಕಿಕೊಂಡು ಒಳಗೆ ಬಂದರು. ನಾನು ಅಡ್ಡ ಬಂದು ರೀ, ರೀ ಅಂದೆ. ಸುಮ್ಮನಿರು ಅಂತ ಕಣ್ಣಲ್ಲೇ ಗದರಿ, ದಿಂಬು ಎತ್ತಿಕೊಂಡು ಹೋಗಿ, ಎಲ್ಲರ ಎದುರಿಗೆ ಎರಡು ಕೈಯಲ್ಲಿ ಹಿಡಿದು ಹೊಲಿಗೆಯನ್ನು ಚರ್‍ರನೆ ಹರಿದರು. ತ್ಯಾಗ ಮಾಡುವವರ ಮುಖ ಹೇಗಿರಬೇಕೋ ಹಾಗಿತ್ತು ಅವರ ಮುಖ. ಎಷ್ಟಾದರೂ ದೊರೆಯ ದಿಂಬು.

ಒಳಗಿಂದ ಬೂರುಗದ ಹತ್ತಿ ಬುಸ್ಸನೆ ಹೊರಬಂತು. ಜಗಲಿಯೆಲ್ಲ ತೇಲಿತು, ಹಿರಿಯರ ಮುಂಡಾಸಿನ ಮೇಲೆ ಕೂತಿತು, ಇವರ ಮೀಸೆಗೆ ಅಂಟಿತು. ಇವರು ಬಾಯಿ ತೆರೆದವರು ಮುಚ್ಚಲಿಲ್ಲ, ಅದರೊಳಗೂ ಸ್ವಲ್ಪ ಹೋಯಿತು. ಕೋಳಿಯವನು ಒಂದು ಎಳೆ ಹಿಡಿದು ಬೆರಳಲ್ಲಿ ಹೊಸೆದು, ಇದು ಬೂರುಗದ ಹತ್ತಿ ಅಲ್ಲವೇ ಅಳಿಯಂದಿರೇ ಅಂತ ಬಹಳ ಮರ್ಯಾದೆಯಿಂದ ಕೇಳಿದ. ಪಾಪದ ಅಳಿಯ, ಮಾವ ಕೋಳಿ ತಿಂದದ್ದನ್ನು ಮುಚ್ಚಲು ಸುಳ್ಳು ಹೇಳಿ ಸಿಕ್ಕಿಬಿದ್ದ ಅನ್ನುವುದು ಎಲ್ಲರ ಮುಖದ ಮೇಲೂ ಬರೆದಿತ್ತು. ಇವರು ತಿರುಗಿ ನನ್ನ ಕಡೆ ನೋಡಿದರು. ಆ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ಹಿಂದೆ ನಿಂತು ಪ್ರಯೋಜನವಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬಂದೆ.

"ಪುಕ್ಕ ತೆಗೆದು ತಿಪ್ಪೆಗೆ ಹಾಕಿದ್ದು ನಾನು. ಹತ್ತಿ ತುಂಬಿದ್ದೂ ನಾನೇ. ಇವರಿಗೆ ಗೊತ್ತಿಲ್ಲ," ಅಂದೆ.

ಯಾರೂ ನಂಬಲಿಲ್ಲ. ಗಂಡನಿಗಿಂತ ಹೆಂಡತಿ ಚೆನ್ನಾಗಿ ಕಟ್ಟುತ್ತಾಳೆ ಅಂದುಕೊಂಡಿರಬೇಕು. ನಾನು ಹರಿದ ಗವಸನ್ನು ಕಿತ್ತುಕೊಂಡು ಒಳಮುಖ ಹೊರಗೆ ಮಾಡಿ ಕೊಡವಿದೆ. ಆತುರದಲ್ಲಿ ಮೂಲೆಗಳನ್ನು ನಾನು ಸರಿಯಾಗಿ ತೆಗೆದಿರಲಿಲ್ಲ. ನಾಲ್ಕು ಮೂಲೆಯಲ್ಲೂ ಹೊಲಿಗೆಗೆ ಸಿಕ್ಕಿಕೊಂಡ ಬಿಳೀ ಪುಕ್ಕ, ಕೋಳಿಯವನ ಕೈಯಲ್ಲಿದ್ದಂಥದೇ. ಆಮೇಲೆ ಟೀ ಎಸ್ಟೇಟು, ದೊರೆ, ತಣ್ಣೀರು ಸ್ನಾನ, ಹಳೇ ಸೀರೆ, ಅಟ್ಟದ ಮೇಲಿನ ಇಲಿ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅಟ್ಟದ ಇಲಿಯ ಮಾತು ಬಂದಾಗ ಅಮ್ಮ ಒಳಗಿನಿಂದ ಹೌದು ಅಂದಳು, ಅದರಿಂದ ನನ್ನ ಕಥೆಗೆ ಬಲ ಬಂತು. ಹಿರಿಯರು ಗವಸನ್ನು ಕೈಯಿಂದ ಕೈಗೆ ದಾಟಿಸಿ ನೋಡಿ ತಲೆ ಆಡಿಸಿದರು. ಕೋಳಿಯವನ ಮುಖ ಮಾತ್ರ ಇಳಿದುಹೋಯಿತು. ನಾವು ಕೋಳಿ ತಿನ್ನುವವರಾಗಿದ್ದರೆ ಅವನಿಗೆ ಎಷ್ಟೋ ಸಂತೋಷವಾಗುತ್ತಿತ್ತು. ಅವನ ಹ್ಯಾಟೆಯನ್ನು ಅವನ ಭಾವಮೈದುನನೇ ಹೊಸತೊಡಕಿಗೆ ಮುಗಿಸಿದ್ದ ಅಂತ ಸಂಜೆಗೆ ತಿಳಿಯಿತು.

ಅಜ್ಜಿ ಆಗ ಕಂಬ ಬಿಟ್ಟು ಬಂದಳು. ಇವರ ಮುಂದೆ ನಿಂತಳು. ಅಜ್ಜಿ ಇವರ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ, ಆದರೂ ಇವರೇ ಕುಗ್ಗಿದ ಹಾಗಿತ್ತು.

"ಮೊನ್ನೆಯಿಂದ ಈ ಹತ್ತಿ ಮೇಲೇ ಮಲಗಿದ್ರಾ?"

"ಹೂಂ ಅಜ್ಜಿ."

"ಗೊತ್ತಾಯ್ತಾ?"

"ಇಲ್ಲ."

"ಮತ್ತೆ?" ಅಂದಳು ಅಜ್ಜಿ.

ಅಷ್ಟೇ ಅಂದದ್ದು. ನಾನು ತಿಂಗಳುಗಟ್ಟಲೆ ಆಡಿದ ಜಗಳವನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದಳು. ಆಮೇಲೆ ಹಿರಿಯರ ಕಡೆ ತಿರುಗಿ, ಊರೆಲ್ಲ ಕೇಳಲಿ ಅನ್ನುವ ಹಾಗೆ ಗಟ್ಟಿಯಾಗಿ ಹೇಳಿದಳು:

"ನಾನಿರೋಗಂಟ ಈ ಮನೇಲಿ ಸತ್ತ ಜೀವದ ಮೈಮೇಲಿಂದು ಯಾರ ಕೆಳಗೂ ಹಾಸಲ್ಲ. ಅದರದ್ದು ಅದಕ್ಕೇ ಇರ್ಲಿ. ಕೇಳಿಸ್ತಾ?"

ಕೋಳಿಯವನು ಸುಮ್ಮನಿರಲಾರದೆ, ಹಾಗಾದರೆ ಕಂಬಳಿ ಅಂತ ಶುರು ಮಾಡಿದ. ಕುರಿ ತುಪ್ಪಟ ಕೊಟ್ಟು ಎದ್ದು ಮೇಯಲು ಹೋಗುತ್ತದೆ, ನಿನ್ನ ಕೋಳಿ ಪುಕ್ಕ ಕೊಟ್ಟು ಎಲ್ಲಿಗೆ ಹೋಗುತ್ತದೆ ಹೇಳು ಅಂತ ಅಜ್ಜಿ ಅವನನ್ನು ಅಲ್ಲೇ ಕೂರಿಸಿದಳು. ಹಿರಿಯರು ಪಾದಪೂಜೆ ಇದೇ ಮನೆಯಲ್ಲಿ, ಅನುಮಾನ ಬೇಡ ಅಂತ ಹೇಳಿ, ಮುಂಡಾಸಿನ ಹತ್ತಿ ಕೊಡವಿಕೊಂಡು ಹೋದರು.

ಅವತ್ತೇ ಮಧ್ಯಾಹ್ನದಿಂದ ನಮ್ಮವರಿಗೆ ಕೆಲಸ ಬಿತ್ತು. ಸ್ವಾಮಿಗಳು ಕೂರಲು ಹೊಸ ಗಾದಿ ಮಾಡಬೇಕು, ಬೂರುಗದ ಹತ್ತಿಯದೇ, ಬಿಳೀ ಹೊಸ ಬಟ್ಟೆಯದು, ಅಳಿಯಂದಿರೇ ಕೈಹಾಕಬೇಕು ಅಂತ ಅಜ್ಜಿಯ ಅಪ್ಪಣೆ. ಅದು ಶಿಕ್ಷೆಯೋ ಗೌರವವೋ ಅಂತ ಕೇಳುವ ಧೈರ್ಯ ಇವರಿಗಿರಲಿಲ್ಲ. ಮೂಗಿಗೆ ಟವೆಲು ಕಟ್ಟಿಕೊಂಡು, ಬುಟ್ಟಿಯಲ್ಲಿ ಹೊಸ ಹತ್ತಿ ಹಾಕಿ, ಕೋಲಿನಲ್ಲಿ ತಿರುವಿ ತಿರುವಿ ಬೀಜ ಉದುರಿಸಿದರು. ಬುಟ್ಟಿಯ ಪಕ್ಕ ಕೂತು ಹತ್ತಿ ಬಿಡಿಸುತ್ತ ನಾನು, ಅಷ್ಟು ಧೈರ್ಯ ಎಲ್ಲಿಂದ ಬಂತು ನಿಮಗೆ ಅಂತ ಕೇಳಿದೆ. ಟವೆಲಿನ ಒಳಗಿಂದಲೇ ಹೇಳಿದರು, ನಿಮ್ಮಪ್ಪ ನಿಜವಾಗಿಯೂ ಕೋಳಿ ತಿಂದಿದ್ದಾರೆ ಅಂತಲೇ ತಿಳಿದಿದ್ದೆ ಕಣೇ, ಹಾಗೆ ಬೆವರುತ್ತಿದ್ದರಲ್ಲ. ನಾನು ನಕ್ಕ ರಭಸಕ್ಕೆ ಬುಟ್ಟಿಯ ಹತ್ತಿಯೆಲ್ಲ ಎದ್ದಿತು. ಅಜ್ಜಿ ಬಂದು ಇಬ್ಬರಿಗೂ ಬೈದಳು.

ಸೋಮವಾರ ಬಂತು. ಬಾಗಿಲಿಗೆ ತೆಂಗಿನ ಹೊಂಬಾಳೆ, ನಡುಮನೆಯಲ್ಲಿ ರಂಗೋಲಿ, ಅದರ ಮೇಲೆ ಮಣೆ, ಮಣೆಯ ಮೇಲೆ ಅಜ್ಜಿಯ ಗಾದಿ. ಅಜ್ಜಿ ಅದನ್ನು ತಟ್ಟಿ ತಟ್ಟಿ ಒಂದು ಸುಕ್ಕಿಲ್ಲದ ಹಾಗೆ ಇಟ್ಟಿದ್ದಳು. ಊರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ. ಸ್ವಾಮಿಗಳು ಒಳಗೆ ಬಂದರು, ವಯಸ್ಸಾದವರು, ನಿಧಾನದ ನಡಿಗೆ. ಅವರ ಮುಂದೆ ಬಂದ ಮಠದ ಶಿಷ್ಯ ಕಂಕುಳಿನಿಂದ ಒಂದು ಸುರುಳಿ ತೆಗೆದು ಬಿಚ್ಚಿ, ಗಾದಿಯ ಮೇಲೆ ಹಾಸಿ, ಮೂಲೆ ಎಳೆದು ಸರಿ ಮಾಡಿದ.

ಜಿಂಕೆಯ ಚರ್ಮ. ಚುಕ್ಕಿ ಚುಕ್ಕಿ, ನಾಲ್ಕು ಕಾಲಿನ ಆಕಾರ ಹಾಗೇ ಇದೆ.

ಅದು ಎಲ್ಲ ಕಡೆ ಇದ್ದ ಪದ್ಧತಿಯೇ, ನಾನೂ ಚಿಕ್ಕಂದಿನಿಂದ ನೋಡಿದ್ದೆ. ನೋಡಿಯೂ ನೋಡಿರಲಿಲ್ಲ. ನಮ್ಮವರು ಮೊಣಕೈಯಿಂದ ನನ್ನನ್ನು ತಿವಿದರು. ನನಗೆ ನಗು ನುಗ್ಗಿ ಬಂದು ಸೆರಗು ಬಾಯಿಗೆ ತುರುಕಿಕೊಂಡೆ. ಆಮೇಲೆ ಅಜ್ಜಿಯ ಮುಖ ನೋಡಿದೆ, ನಗು ಅಲ್ಲೇ ನಿಂತುಹೋಯಿತು. ಅಪ್ಪನೂ ನೋಡಿದರು, ನೋಡಿ ಅವಳಿಗೆ ಬೇಡ ಅನ್ನುವ ಹಾಗೆ ಸಣ್ಣಗೆ ತಲೆ ಆಡಿಸಿದರು. ಸೊಸೆಯಾಗಿ ಬಂದ ದಿನದಿಂದ ಕಾದ ಪೂಜೆ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದು ಗಳಿಗೆಗೆ ಅವಳ ಕೈಗೆ ಬರುತ್ತಿತ್ತು.

ಅಜ್ಜಿ ನೀರಿನ ತಂಬಿಗೆ ಕೆಳಗಿಟ್ಟು ಕೈಮುಗಿದಳು.

"ಬುದ್ಧೀ, ಕೂರಬೇಡಿ," ಅಂದಳು. "ಈ ಮನೇಲಿ ಬೂರುಗದ ಹತ್ತಿ ಮೇಲೆ ಮಾತ್ರ ಕೂರ್ಸೋದು. ಅಳಿಯನಿಗೆ ಒಂದು ಮಾತು, ನಿಮಗೊಂದು ಮಾತು ಹೇಳಾಕೆ ನಂಗೆ ಬಾಯಿ ಬರಲ್ಲ."

ಶಿಷ್ಯ ಮುಖ ಗಂಟು ಹಾಕಿಕೊಂಡು, ಇದು ತಾನಾಗಿ ಸತ್ತ ಜಿಂಕೆಯದು, ಶಾಸ್ತ್ರಕ್ಕೆ ಸಲ್ಲುವಂಥದು, ಹಾಗೆಲ್ಲ ಮಾತಾಡಬಾರದು ಅಂತ ಜೋರು ಮಾಡಿದ. ಹಿರಿಯರು ಅಜ್ಜಿಯನ್ನು ಸುಡುವ ಹಾಗೆ ನೋಡಿದರು. ಅಜ್ಜಿ ಕೈಮುಗಿದವಳು ಮುಗಿದೇ ಇದ್ದಳು. ಚರ್ಮದ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

ಸ್ವಾಮಿಗಳು ಶಿಷ್ಯನಿಗೆ ಸುಮ್ಮನಿರಲು ಸನ್ನೆ ಮಾಡಿದರು. ಬಗ್ಗಿ ಆ ಚರ್ಮದ ಮೇಲೆ ಕೈಯಾಡಿಸಿದರು, ಕತ್ತಿನ ಕಡೆಯಿಂದ ಬೆನ್ನಿನ ತನಕ.

"ಇಷ್ಟು ವರ್ಷ ಕೂತಿದೀನಿ ತಾಯಿ. ಯಾರೂ ಬೇಡ ಅಂದಿರಲಿಲ್ಲ," ಅಂದರು.

ತಾವೇ ಅದನ್ನು ಸುತ್ತಿ ಶಿಷ್ಯನ ಕೈಗೆ ಕೊಟ್ಟು, ಗಾದಿಯ ಮೇಲೆ ಕೂತರು. ಬೂರುಗದ ಹತ್ತಿ ಅವರ ಭಾರಕ್ಕೆ ಮೆಲ್ಲಗೆ ಕೆಳಗಿಳಿಯಿತು. ನಮ್ಮವರು ತಮ್ಮ ಕೈಕೆಲಸದ ಗಾದಿ ಎಲ್ಲಿ ಬಿರಿಯುತ್ತದೋ ಅಂತ ಕಣ್ಣು ಮುಚ್ಚಿಕೊಂಡರು. ಬಿರಿಯಲಿಲ್ಲ.

ಅಪ್ಪ ತಟ್ಟೆ ಹಿಡಿದು ಪಾದದ ಮುಂದೆ ಕೂತರು. ಅಜ್ಜಿ ತಂಬಿಗೆ ಎತ್ತಿಕೊಂಡಳು. ಅಷ್ಟು ಹೊತ್ತು ಕಲ್ಲಿನ ಹಾಗೆ ನಿಂತಿದ್ದವಳ ಕಣ್ಣಿನಿಂದ ಆಗ ಧಾರಾಕಾರ ನೀರು, ಪಾದ ಎಲ್ಲಿದೆ ಅಂತಲೇ ಕಾಣದೆ ತಂಬಿಗೆಯ ನೀರು ಒಂದಿಷ್ಟು ಪಾದದ ಮೇಲೆ ಬಿದ್ದು ಉಳಿದದ್ದೆಲ್ಲ ಅಪ್ಪನ ಹೊಸ ಪಂಚೆಯ ಮೇಲೆ ಹೋಯಿತು.